ಡೋರತಿಗೆ ಆಯುಧಪೂಜೆ

ದಸರಾ ನೋಡಲು ಲೋಕವೆಲ್ಲ ಮೈಸೂರಿಗೆ ಬರುತ್ತದೆ. ಮೈಸೂರಿನವರು ಮಾತ್ರ ಆ ಹತ್ತು ದಿನ ಎಲ್ಲಿಗಾದರೂ ಓಡಿಹೋಗಲು ನೋಡುತ್ತಿರುತ್ತಾರೆ. ಹಾಲು ತರಲು ಹೊರಟರೆ ಬ್ಯಾರಿಕೇಡು, ಮನೆಯ ಗೇಟಿಗೆ ಅಡ್ಡವಾಗಿ ಯಾವುದೋ ಊರಿನ ಟೆಂಪೊ, ಅದರಿಂದ ಇಳಿದವರು ನಮ್ಮನ್ನೇ 'ನೀವು ಎಲ್ಲಿಂದ ಬಂದಿದ್ದೀರಿ?' ಎಂದು ಕೇಳುವುದು. ಅದಕ್ಕೇ ಈ ಸಲ ನಾನೂ ಓಡಿದೆ. ಉಳಿದವರು ಊಟಿಗೋ ಕೊಡಗಿಗೋ ಓಡಿದರೆ ನಾನು ಕ್ಯಾಲಿಫೋರ್ನಿಯಾಕ್ಕೆ ಓಡಿದೆ.

ಅಲ್ಲಿ ನನ್ನ ಗೆಳತಿ ಶಾಹೀನ್ ಇದ್ದಾಳೆ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಪಕ್ಕದ ಮನೆಯವಳು, ಶಾಲೆಯಲ್ಲಿ ನನ್ನ ಬೆಂಚಿನವಳು. ಈಗ ಸ್ಯಾನ್ ಡಿಯಾಗೋದಲ್ಲಿ ಹಲ್ಲಿನ ಡಾಕ್ಟರು. ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಪೆಸಿಫಿಕ್ ಮಹಾಸಾಗರಕ್ಕೆ ನೀಲಿ ಬಣ್ಣ ಬಳಿಯಲು ಎಷ್ಟೋ ತಂಡದ ಮಕ್ಕಳಿಗೆ ಕಲಿಸಿದ್ದೇನೆ, ಆದರೆ ಅದನ್ನು ಕಣ್ಣಾರೆ ಕಂಡಿರಲಿಲ್ಲ. ದೋಣಿ ಹತ್ತಿದ ಅನುಭವವೆಂದರೆ ಕಾರಂಜಿ ಕೆರೆಯ ಪೆಡಲ್ ದೋಣಿ. ಅದೂ ನಾನು ತುಳಿದಾಗ ಇದ್ದಲ್ಲೇ ಸುತ್ತಿತ್ತು.

ಲಾಸ್ ಏಂಜಲೀಸ್

ವಿಮಾನ ನಿಲ್ದಾಣಕ್ಕೆ ಶಾಹೀನಳ ಗಂಡ ನಾಸಿರ್ ಬಂದಿದ್ದರು. ಅಚ್ಚುಕಟ್ಟು ಮನುಷ್ಯ. ಮದುವೆಯ ದಿನದಿಂದಲೂ ಅವರನ್ನು ಇಸ್ತ್ರಿ ಮಾಡಿದ ಅಂಗಿಯಲ್ಲೇ ನೋಡಿದ್ದೆ. ಈಗ ನೋಡಿದರೆ ಉಗುರುಗಳ ಸುತ್ತ ಕಪ್ಪು, ಅಂಗಿಯ ತೋಳಿನ ಮೇಲೆ ಕಾವಿ ಬಣ್ಣದ ಕಲೆ.

"ವಸಂತಕ್ಕ, ಕೈ ನೋಡ್ಬೇಡಿ. ಎಷ್ಟು ತೊಳೆದರೂ ಹೋಗಲ್ಲ," ಎಂದು ನಕ್ಕರು. ಸೂಟ್‌ಕೇಸ್ ಇಡಲು ಕಾರಿನ ಡಿಕ್ಕಿ ತೆಗೆದರೆ ಅಲ್ಲಿ ಆಗಲೇ ಪೈಪು, ಸ್ಪ್ಯಾನರು, ಎಣ್ಣೆ ಡಬ್ಬಗಳ ಸಂಸಾರ ನಡೆದಿತ್ತು. ನನ್ನ ಸೂಟ್‌ಕೇಸು ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿತು.

"ಅಕ್ಕ, ಒಂದೇ ಒಂದು ಅಂಗಡಿ. ದಾರೀಲೇ ಇದೆ, ಹತ್ತು ನಿಮಿಷ ಅಷ್ಟೆ."

ಅದು ದಾರಿಯಲ್ಲಿರಲಿಲ್ಲ, ಹತ್ತು ನಿಮಿಷದ್ದೂ ಆಗಿರಲಿಲ್ಲ. ಬಂದರಿನ ಹತ್ತಿರ ಹಳೆಯ ದೋಣಿಗಳ ಬಿಡಿಭಾಗ ಮಾರುವ ದೊಡ್ಡದೊಂದು ಗುಜರಿ ಅಂಗಡಿ. ಲಂಗರು, ಸರಪಳಿ, ತುಕ್ಕು ಹಿಡಿದ ಚಕ್ರಗಳ ನಡುವೆ ಅಂಗಡಿಯವನೂ ನಾಸಿರ್ ಭಾಯಿಯೂ ಅಂಗೈಯಗಲದ ಒಂದು ಪಂಪನ್ನು ಕೈಯಿಂದ ಕೈಗೆ ಬದಲಾಯಿಸುತ್ತ, ಬೆಳಕಿಗೆ ಹಿಡಿಯುತ್ತ ನಿಂತರು. ನಮ್ಮಲ್ಲಿ ಹೆಣ್ಣು ನೋಡಲು ಬಂದವರೂ ಅಷ್ಟು ನಾಜೂಕಾಗಿ ನೋಡುವುದಿಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಎತ್ತಿಕೊಡುವ ಪಂಪಂತೆ. ಕೊನೆಗೆ ಅದು ನನ್ನ ಶಾಲಿನಲ್ಲಿ ಸುತ್ತಿಸಿಕೊಂಡು ನನ್ನ ತೊಡೆಯ ಮೇಲೆಯೇ ಪ್ರಯಾಣ ಮಾಡಿತು.

ಹಸಿವಿಗೆ ಆರ್ಟೀಷಿಯಾ ಎಂಬಲ್ಲಿ ನಿಲ್ಲಿಸಿದೆವು. ಅಲ್ಲಿ ನಮ್ಮವರ ಅಂಗಡಿಗಳ ಸಾಲೇ ಇದೆ. ದೋಸೆ ತಿನ್ನುತ್ತ ನಾಸಿರ್ ಭಾಯ್ ಕಥೆ ಹೇಳಿದರು. ಅವರ ಹತ್ತಿರ ಡೋರತಿ ಎಂಬ ದೋಣಿ ಇದೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ, ಉದ್ದಕ್ಕೆ, ಇಕ್ಕಟ್ಟಾಗಿ ಇರುವ ಉಕ್ಕಿನ ದೋಣಿ. ಯಾರೋ ಇಂಗ್ಲಿಷ್ ಮುದುಕ ಊರು ಬಿಡುವಾಗ ಅದನ್ನೂ ಹಡಗಿನ ಮೇಲೆ ಹೇರಿಕೊಂಡು ಬಂದಿದ್ದನಂತೆ. ಅವನು ಕಣ್ಣು ಮುಚ್ಚಿದ ಮೇಲೆ ಅದನ್ನು ಕೇಳುವವರಿರಲಿಲ್ಲ. ಇವರು ಕೇಳಿದರು. ಎರಡು ವರ್ಷ ಉಜ್ಜಿ, ತಟ್ಟಿ, ಬಿಚ್ಚಿ, ಜೋಡಿಸಿ ಆಗಿದೆ. ಈಗ ದೋಣಿ ನಿಲ್ಲಿಸುವ ಮರೀನಾದವರು ನೋಟೀಸು ಕೊಟ್ಟಿದ್ದಾರೆ: ನಿಮ್ಮ ದೋಣಿ ಸ್ವಂತ ಎಂಜಿನ್ನಿನ ಬಲದಿಂದ ಹೊರಗೆ ಹೋಗಿ, ನೀರಿನಲ್ಲಿ ತೇಲುವ ಹಸಿರು ಗುರುತಿನವರೆಗೆ ಸಾಗಿ, ವಾಪಸು ಬರಬೇಕು. ಇನ್ನೊಂದು ದೋಣಿ ಎಳೆದು ತಂದರೆ ಲೆಕ್ಕಕ್ಕಿಲ್ಲ. ಆಗದಿದ್ದರೆ ಜಾಗ ಖಾಲಿ ಮಾಡಬೇಕು.

"ಖಾಲಿ ಮಾಡಿ ಎಲ್ಲಿಗೆ ಒಯ್ತೀರಿ?"

"ಎಲ್ಲೂ ಇಲ್ಲ ಅಕ್ಕ. ಇಂಥ ಹಳೇ ಉಕ್ಕಿನ ದೋಣಿನ ಬೇರೆ ಯಾವ ಮರೀನಾನೂ ಸೇರಿಸ್ಕೊಳ್ಳಲ್ಲ. ಕಟ್ ಮಾಡಿ ಸ್ಕ್ರ್ಯಾಪಿಗೆ ಹಾಕೋದೇ."

"ಯಾವತ್ತು ಟೆಸ್ಟು?"

ಅವರು ಹೇಳಿದ ದಿನವನ್ನು ಮನಸ್ಸಿನಲ್ಲೇ ಪಂಚಾಂಗಕ್ಕೆ ಹೊಂದಿಸಿ ನೋಡಿದೆ. ವಿಜಯದಶಮಿ! ಅದರ ಹಿಂದಿನ ದಿನ ಆಯುಧಪೂಜೆ. ಕಣ್ಣೆತ್ತಿದರೆ ಎದುರು ಅಂಗಡಿಯ ಬಾಗಿಲಲ್ಲೇ ಬೂದುಗುಂಬಳ, ಚೆಂಡುಹೂವಿನ ಮಾಲೆ. ನನ್ನ ತಲೆಯೊಳಗೆ ಗಂಟೆ ಬಾರಿಸಿದಂತಾಯಿತು.

ನಾಸಿರ್ ಭಾಯಿಗೆ ಅದು ಅರ್ಥವಾಗಿಬಿಟ್ಟಿತು. "ಊರಲ್ಲಿ ನಮ್ಮ ಅಬ್ಬಾ ಅವರ ಗ್ಯಾರೇಜಿನಲ್ಲಿ ಹುಡುಗರು ಪೂಜೆ ಮಾಡ್ತಿದ್ರು. ಅಬ್ಬಾ ಪೂಜೆಗೆ ನಿಲ್ತಿರಲಿಲ್ಲ, ಆದ್ರೆ ಕುಂಬಳಕಾಯಿ ಮಾತ್ರ ಅವರೇ ಮಾರ್ಕೆಟ್ಟಿಗೆ ಹೋಗಿ ತಟ್ಟಿ ನೋಡಿ ತರೋರು. ಬೇರೆಯೋರು ತಂದ್ರೆ ಒಪ್ಪುತ್ತಿರಲಿಲ್ಲ." ಹಾಗೆಂದವರು ಎದ್ದು ಹೋಗಿ, ಅಂಗಡಿಯ ಕುಂಬಳಕಾಯಿಗಳನ್ನು ಒಂದೊಂದಾಗಿ ತಟ್ಟತೊಡಗಿದರು.

ಫೋರ್ ಎಸ್ ರ್ಯಾಂಚ್

ಶಾಹೀನಳ ಮನೆ ಇರುವ ಈ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಸಂಜೆ ಒಬ್ಬಳೇ ವಾಕಿಂಗ್ ಹೋಗಿ ಬಂದು ಯಾರದೋ ಮನೆಯ ಬಾಗಿಲಿನ ಹಿಡಿ ತಿರುಗಿಸಿದೆ. ಒಳಗಿನಿಂದ ನಾಯಿ ಬೊಗಳಿದ್ದರಿಂದ ಇದು ಶಾಹೀನಳ ಮನೆ ಅಲ್ಲವೆಂದು ಗೊತ್ತಾಯಿತು. ಮರುದಿನದಿಂದ ಗುರುತಿಗೆ ಮೂಗನ್ನೇ ನಂಬಿದೆ. ಯಾವ ಮನೆಯ ಗ್ಯಾರೇಜಿನಿಂದ ಡೀಸೆಲ್ ವಾಸನೆ ಬರುತ್ತದೋ ಅದೇ ನಮ್ಮ ಮನೆ.

ಅಡುಗೆಮನೆಯ ಸಿಂಕಿನಲ್ಲಿ ಲೋಟ ಚಮಚೆಗಳ ಜೊತೆ ಎಂಜಿನ್ನಿನ ನಾಲ್ಕು ಭಾಗಗಳೂ ನೆನೆಯುತ್ತಿದ್ದವು. ಕಾಲೇಜಿಗೆ ಹೋಗುವ ಮಗಳು ಜೋಯಾ ನೀರಿನ ಲೋಟ ಎತ್ತಿ, ಮೂಸಿ, "ಡ್ಯಾಡ್, ದಿಸ್ ಈಸ್ ನಾಟ್ ಓಕೆ," ಎಂದು ಕೆಳಗಿಟ್ಟು ಹೋದಳು. ಕನ್ನಡವೆಲ್ಲ ಅರ್ಥವಾಗುವ ಹುಡುಗಿ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಇನ್ನೂ ಆ ತಗಡಿನ ಡಬ್ಬ ನೋಡಿಲ್ಲ ಅಲ್ವಾ ನೀನು? ನೋಡು, ಆಮೇಲೆ ಹೇಳು," ಎಂದಳು ಶಾಹೀನ್, ಚಪಾತಿ ಲಟ್ಟಿಸುತ್ತ. ಎರಡು ವರ್ಷದಲ್ಲಿ ಅವಳು ಅದರ ಎಂಜಿನ್ನಿನ ಮೇಲಿನ ಹಲಗೆ ಎತ್ತಿಯೂ ನೋಡಿಲ್ಲವಂತೆ. ಕಾರ್ಪೆಟ್ ಹಾಳಾಯಿತು, ನನ್ನ ಒಳ್ಳೆಯ ಟವಲುಗಳೆಲ್ಲ ಒರೆಸೋ ಬಟ್ಟೆಯಾದವು ಎಂದು ದೂರಿನ ಮೇಲೆ ದೂರು.

"ಹಾಗಾದ್ರೆ ಹೋಗಲಿ ಬಿಡು. ಸ್ಕ್ರ್ಯಾಪಿಗೆ ಹೋದ್ರೆ ನಿನಗೇ ನೆಮ್ಮದಿ," ಎಂದೆ ನಾನು, ಸುಮ್ಮನೆ ಕೆಣಕಲು.

ಲಟ್ಟಣಿಗೆ ನಿಂತಿತು. "ಹಾಗನ್ನಬೇಡ ಕಣೇ," ಎಂದಳು ಮೆಲ್ಲಗೆ. "ಇವರ ಕಂಪನಿಯೋರು ಇವರ ಡಿಪಾರ್ಟ್‌ಮೆಂಟನ್ನೇ ಮುಚ್ಚಿಬಿಟ್ರಲ್ಲ, ಆಮೇಲೆ ಈ ಮನುಷ್ಯ ಆರು ತಿಂಗಳು ಸೋಫಾ ಮೇಲೆ ಕೂತಿದ್ರು. ಟೀವಿನೂ ಹಾಕ್ತಿರಲಿಲ್ಲ. ಮಾತಾಡ್ಸಿದ್ರೆ ಹೂಂ, ಉಹೂಂ. ಎಷ್ಟು ಕಡೆ ಅಪ್ಲೈ ಮಾಡಿದ್ರು, ಈ ವಯಸ್ಸಿನೋರು ಯಾರಿಗೂ ಬೇಡ. ಆ ಡಬ್ಬ ಬಂದ ಮೇಲೇ ಬೆಳಗ್ಗೆ ಎದ್ದು ಶೇವ್ ಮಾಡ್ಕೊಳ್ಳೋಕೆ ಶುರು ಮಾಡಿದ್ದು. ಅದು ಹೋದ್ರೆ ಇವರು ಮತ್ತೆ ಸೋಫಾಕ್ಕೆ ಹೋಗ್ತಾರೆ. ನನಗೆ ಅದೊಂದೇ ಭಯ."

ನನಗೆ ಕೆಣಕಿದ್ದು ತಪ್ಪಾಯಿತೆನಿಸಿತು. ಅವಳು ಮತ್ತೆ ಲಟ್ಟಿಸತೊಡಗಿ, ಇವರಿಗೆ ಹೇಳಬೇಡ ಎಂದಳು. ಹೇಳುವುದಿಲ್ಲ ಎಂದೆ.

ಸ್ಯಾನ್ ಡಿಯಾಗೋ, ಮರೀನಾ

ಬಿಳಿ ಬಿಳಿ ದೋಣಿಗಳು, ಬಾಣದಂಥ ಮೂತಿ, ಗಗನಕ್ಕೆ ನೆಟ್ಟ ಕಂಬ. ಅವುಗಳ ನಡುವೆ ಡೋರತಿ, ಹಳಿ ತಪ್ಪಿ ನೀರಿಗೆ ಬಿದ್ದ ಪ್ಯಾಸೆಂಜರ್ ರೈಲಿನ ಬೋಗಿಯ ಹಾಗೆ ನಿಂತಿತ್ತು. ಹಸಿರು ಮೈ, ಸಾಲು ಕಿಟಕಿ, ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಗುಲಾಬಿಗಳು. ನನಗೆ ನೋಡಿದ ಕೂಡಲೇ ಪ್ರೀತಿ ಬಂತು. ಊರಿನವರೆಲ್ಲ ಬೂಟು ಹಾಕಿರುವ ಕಡೆ ಒಬ್ಬಳೇ ಒಂಬತ್ತು ಗಜದ ಸೀರೆ ಉಟ್ಟು ಬಂದವಳ ಕಷ್ಟ ನನಗೆ ಗೊತ್ತು.

ಒಳಗೆ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತದೆ. ಒಬ್ಬರು ಅಡುಗೆಮನೆಯಿಂದ ಮಲಗುವ ಜಾಗಕ್ಕೆ ಹೋಗಬೇಕಾದರೆ ಇನ್ನೊಬ್ಬರು ಉಸಿರು ಒಳಗೆಳೆದುಕೊಂಡು ನಿಲ್ಲಬೇಕು. ಹಿಂಭಾಗದಲ್ಲಿ ಹಲಗೆ ಎತ್ತಿದರೆ ಎಂಜಿನ್ನು. ನಾಸಿರ್ ಭಾಯ್ ಅದನ್ನು ಪರಿಚಯಿಸಿದ ರೀತಿ ನೋಡಿ ನಮಸ್ಕಾರ ಎನ್ನಬೇಕೆನಿಸಿತು.

ನನ್ನ ಕೈಗೆ ಚೂಪು ಮೂತಿಯ ಒಂದು ಸುತ್ತಿಗೆ ಬಂತು. ತುಕ್ಕು ಎದ್ದ ಕಡೆ ತಟ್ಟಬೇಕು, ಹಕ್ಕಳೆ ಉದುರಬೇಕು, ತಂತಿ ಬ್ರಷ್ಷಿನಿಂದ ಉಜ್ಜಬೇಕು, ಹೊಳೆಯುವ ಉಕ್ಕು ಕಂಡ ಮೇಲೆ ಕೆಂಪು ಬಣ್ಣ ಬಳಿಯಬೇಕು. ಆ ಡಬ್ಬ ತೆರೆದಾಗ ನನಗೆ ನಗು ಬಂತು. ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಕುತ್ತಿದ್ದರಲ್ಲ, ಅದೇ ರೆಡ್ ಆಕ್ಸೈಡಿನ ಬಣ್ಣ! ನೆಲ ಒರೆಸಿದ ಅಭ್ಯಾಸವಿದ್ದವಳಿಗೆ ಇದೇನು ಮಹಾ ಎಂದು ಸೆರಗು ಸಿಕ್ಕಿಸಿ ಕೂತೆ. ಸಂಜೆಗೆ ಸೊಂಟ ನನ್ನದಾಗಿ ಉಳಿದಿರಲಿಲ್ಲ.

ಆ ಮರೀನಾದ ಜನ ಒಂದು ವಿಚಿತ್ರ. ನಮ್ಮಲ್ಲಿ ಪರಿಚಯವಾದೊಡನೆ ಊರು, ಮನೆತನ, ಮಕ್ಕಳೆಷ್ಟು ಎಂದು ಕೇಳುತ್ತೇವೆ. ಅಲ್ಲಿ ದೋಣಿ ಎಷ್ಟು ಉದ್ದ, ಎಂಜಿನ್ ಯಾವುದು ಎಂದು ಕೇಳುತ್ತಾರೆ. ಆಮೇಲೆ ಕೈಯಲ್ಲಿ ಬಿಯರ್ ಡಬ್ಬ ಹಿಡಿದು ಪಕ್ಕದಲ್ಲಿ ನಿಂತು ಸಲಹೆ ಕೊಡುತ್ತಾರೆ. ಸುತ್ತಿಗೆ ಮುಟ್ಟುವುದಿಲ್ಲ. ಈ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಬೋರ್‌ವೆಲ್ ಕೊರೆಯುವಾಗ ಸೇರುವ ಹಿರಿಯರಿಗೂ ಅವರಿಗೂ ಏನೂ ವ್ಯತ್ಯಾಸವಿಲ್ಲ.

ನಾಸಿರ್ ಭಾಯ್ ಹೊಸ ಪಂಪು ಕೂಡಿಸಿದರು. ಡೀಸೆಲ್ ಹೋಗುವ ದಾರಿಯಲ್ಲಿ ಗಾಳಿ ಸೇರಿದರೆ ಎಂಜಿನ್ ಹತ್ತುವುದಿಲ್ಲವಂತೆ. ಒಂದು ತಿರುಪು ಸಡಿಲಿಸಿ, ಪಂಪಿನ ಪುಟ್ಟ ಹಿಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಕೂತರು. ನೊರೆನೊರೆಯಾಗಿ ಗುಳ್ಳೆ ಬಂದವು. ಕೂಸಿಗೆ ಹಾಲು ಕುಡಿಸಿ, ಬೆನ್ನು ಸವರಿ, ತೇಗು ಬರುವವರೆಗೂ ಕಾಯುವ ಕೆಲಸ ಅದು. ಗುಳ್ಳೆ ನಿಂತಿತು. ತಿರುಪು ಬಿಗಿದು ಕೀ ತಿರುಗಿಸಿದರು. ಡೋರತಿ ಕೆಮ್ಮಿತು, ಕರಿಹೊಗೆ ಉಗುಳಿತು, ಆಮೇಲೆ ಡುಗ್ ಡುಗ್ ಡುಗ್ ಎಂದು ಹಳೆಯ ಹಿಟ್ಟಿನ ಗಿರಣಿಯ ದನಿಯಲ್ಲಿ ಹಾಡತೊಡಗಿತು. ಬಿಯರಿನವರೆಲ್ಲ ಚಪ್ಪಾಳೆ ತಟ್ಟಿದರು.

ಆಯುಧಪೂಜೆ

ಮರುದಿನ ಕುಂಬಳಕಾಯಿ, ನಿಂಬೆಹಣ್ಣು, ಅರಿಸಿನ ಕುಂಕುಮ, ಕಡಲೆಪುರಿ ಹಿಡಿದು ನಾನು ಸಜ್ಜಾದೆ. ಮಾಲೆ ಮಾತ್ರ ಪ್ಲಾಸ್ಟಿಕ್ಕಿನದು. ನಿಜವಾದ ಹೂವು ನೀರಿಗೆ ಉದುರಿದರೆ ಕಸ ಹಾಕಿದಿರಿ ಎಂದು ಮರೀನಾದವರು ಬೈಯುತ್ತಾರೆಂದು ಶಾಹೀನಳೇ ಆರಿಸಿದ್ದು.

ಮೊದಲ ತೊಡಕು ನಿಂಬೆಹಣ್ಣಿನದು. ಕಾರು, ಬಸ್ಸು, ಸ್ಕೂಟರು ಯಾವುದಕ್ಕಾದರೂ ಚಕ್ರದ ಕೆಳಗಿಡಬಹುದು. ದೋಣಿಗೆ ಚಕ್ರವೆಲ್ಲಿ? ನಾಸಿರ್ ಭಾಯ್ ಎಂಜಿನಿಯರನಂತೆ ಯೋಚಿಸಿ, ಪ್ರೊಪೆಲ್ಲರೇ ಚಕ್ರ, ಆದರೆ ಅದರ ಕೆಳಗೆ ನಿಂಬೆಹಣ್ಣು ನಿಲ್ಲುವುದಿಲ್ಲ ಎಂದರು. ಕೊನೆಗೆ ಕಟ್ಟೆಗೂ ದೋಣಿಗೂ ನಡುವೆ ತೂಗುವ ರಬ್ಬರ್ ದಿಂಬುಗಳಿಗೆ ಒತ್ತಿ ಸಿಕ್ಕಿಸಿದೆವು. ಅಲೆಗೆ ದೋಣಿ ಒರಗಿದಾಗ ಒಂದು ನಿಂಬೆ ಪಚಕ್ಕೆಂದು ನನ್ನ ಕನ್ನಡಕಕ್ಕೇ ರಸ ಹಾರಿಸಿತು. ಮೈಸೂರಿನಲ್ಲಿ ಇಷ್ಟು ನೇರವಾಗಿ ಪ್ರಸಾದ ಸಿಕ್ಕಿರಲಿಲ್ಲ.

ಕುಂಬಳಕಾಯಿ ಒಡೆಯುವುದಕ್ಕೆ ಶಾಹೀನ್ ಬಿಡಲಿಲ್ಲ. "ಯಾರಾದ್ರೂ ಜಾರಿ ಬಿದ್ರೆ ಕೋರ್ಟಿಗೆ ಎಳೀತಾರೆ ಕಣೇ. ನಿವಾಳಿಸಿ ಮನೆಗೆ ತಗೊಂಡು ಹೋಗೋಣ, ಮಜ್ಜಿಗೆ ಹುಳಿ ಮಾಡು." ಹಾಗೇ ಆಯಿತು. ದೃಷ್ಟಿ ತೆಗೆದ ಕಾಯಿಯನ್ನು ತಿನ್ನಬಹುದೇ ಎಂದು ಊರಿಗೆ ಫೋನು ಮಾಡಿ ಕೇಳುವ ಧೈರ್ಯ ನನಗಿರಲಿಲ್ಲ.

ಮುಂದಿನಿಂದ ಹಿಂದಿನವರೆಗೆ ಮಾಲೆ ಇಳಿಬಿಟ್ಟೆ. ಕೊನೆಯದೊಂದು ಉಳಿದಿತ್ತು. ಅದನ್ನು ಹಿಂದೆ, ದೋಣಿ ತಿರುಗಿಸುವ ಉದ್ದ ಹಿಡಿಗೆ ಕಟ್ಟಿದೆ. ಎಂಜಿನ್ನಿಗೆ ಕುಂಕುಮವಿಟ್ಟೆ. ನಾಸಿರ್ ಭಾಯ್ ಪಕ್ಕದ ದೋಣಿಯವರಿಗೆಲ್ಲ, ಮರೀನಾದ ಆಫೀಸಿನವರಿಗೂ ಕಡಲೆಪುರಿ ಹಂಚಿದರು, ಅವರ ಅಬ್ಬಾ ಹಂಚುತ್ತಿದ್ದಂತೆ ಕೈ ತುಂಬ ತುಂಬ. ಬಿಯರಿನೊಂದಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆಂದು ಆ ಜನ ಕಂಡುಹಿಡಿದರು.

ವಿಜಯದಶಮಿ

ಮೈಸೂರಿನಲ್ಲಿ ಅಂದು ಆನೆ ಹೊರಡುತ್ತದೆ. ಇಲ್ಲಿ ಡೋರತಿ ಹೊರಡಬೇಕಿತ್ತು. ಮರೀನಾದ ಮ್ಯಾನೇಜರು ಗ್ಲೆನ್ ಎಂಬ ಎತ್ತರದ ಮನುಷ್ಯ, ಮುಖದಲ್ಲಿ ನಗುವಿಲ್ಲ, ಸೊಂಟದಲ್ಲಿ ವಾಕಿಟಾಕಿ. ಮಾಲೆಗಳನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, ಪರೀಕ್ಷಕನಾಗಿ ತಾನೂ ದೋಣಿ ಹತ್ತಿದ. ಶಾಹೀನ್ ಬರುವುದಿಲ್ಲ ಎನ್ನುತ್ತಲೇ ಬಂದಿದ್ದಳು.

"ಅಕ್ಕ, ಮಾಲೆ ತೆಗೆದುಬಿಡೋಣವಾ?" ಎಂದರು ನಾಸಿರ್ ಭಾಯ್.

"ವಿಜಯದಶಮಿ ದಿನ ಮಾಲೆ ಇಲ್ಲದೆ ಯಾವ ಗಾಡಿ ಹೊರಡುತ್ತೆ? ನಮ್ಮೂರಲ್ಲಿ ಸಿಟಿ ಬಸ್ಸಿಗೂ ಇರುತ್ತೆ," ಎಂದೆ ನಾನು. ಟೀಚರು ಹೇಳಿದ ಮೇಲೆ ಯಾರು ಎದುರಾಡುತ್ತಾರೆ?

ಡೋರತಿ ಹಿಂದಕ್ಕೆ ಸರಿದು, ತಿರುಗಿ, ಗಂಭೀರವಾಗಿ ಸಾಗಿತು. ಕಟ್ಟೆಯ ಮೇಲಿನವರು ಕೈ ಬೀಸಿದರು. ನಾನೂ ಅಂಬಾರಿಯಲ್ಲಿ ಕೂತವಳಂತೆ ಕೈ ಬೀಸಿದೆ. ಹಸಿರು ಗುರುತು ಕಣ್ಣಿಗೆ ಕಾಣುವಷ್ಟರಲ್ಲಿ ಎಂಜಿನ್ನಿನ ದನಿ ಭಾರವಾಯಿತು. ಕರಿಹೊಗೆ ಬಂತು. ದೋಣಿ ಒಮ್ಮೆ ನಡುಗಿತು, ಡುಗ್ ಎಂದು ನಿಂತೇಬಿಟ್ಟಿತು.

ನಾಸಿರ್ ಭಾಯ್ ಮತ್ತೆ ಮತ್ತೆ ಕೀ ತಿರುಗಿಸಿದರು. ಹತ್ತಿತು, ಗೇರಿಗೆ ಹಾಕಿದ ಕೂಡಲೇ ನಿಂತಿತು. ಅವರು ಹಿಡಿಯತ್ತ ನೋಡಿದರು. ನಾನೂ ನೋಡಿದೆ. ಅಲ್ಲಿ ಕಟ್ಟಿದ್ದ ಮಾಲೆ ಇರಲಿಲ್ಲ. ಒಂದು ಗಂಟು ಮಾತ್ರ ಇತ್ತು. ಉಳಿದದ್ದೆಲ್ಲ ನೀರಿಗಿಳಿದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಗಾಳಿ ನಮ್ಮನ್ನು ಮೆಲ್ಲಗೆ ದಡದ ಬಂಡೆಗಳ ಕಡೆಗೆ ತಳ್ಳುತ್ತಿತ್ತು. ಗ್ಲೆನ್ ವಾಕಿಟಾಕಿ ಕೈಗೆತ್ತಿಕೊಂಡ. ಎಳೆಯುವ ದೋಣಿ ಬಂದರೆ ಡೋರತಿಯ ಕಥೆ ಮುಗಿಯಿತು.

ಈ ದೋಣಿಗಳಲ್ಲಿ ಹಿಂದೆ, ಪ್ರೊಪೆಲ್ಲರಿನ ನೇರ ಮೇಲೆ, ಒಂದು ಪೆಟ್ಟಿಗೆಯಂಥ ಕಿಂಡಿ ಇರುತ್ತದೆ. ಮುಚ್ಚಳ ತೆಗೆದು ಕೈ ಇಳಿಸಿದರೆ, ಸುತ್ತಿಕೊಂಡ ಕಳೆಯನ್ನು ದೋಣಿಯೊಳಗಿನಿಂದಲೇ ಬಿಡಿಸಬಹುದು. ನಾಸಿರ್ ಭಾಯ್ ಬೋರಲು ಮಲಗಿ ಕೈ ಇಳಿಸಿದರು. ಒಂದಿಷ್ಟು ಹೂವು ಕಿತ್ತು ಬಂತು. "ಮಾಲೆಯೊಳಗೆ ತಂತಿ ಇದೆ. ಸಂದೀಲಿ ಸಿಕ್ಕಿದೆ. ನನ್ನ ಕೈ ಹೋಗ್ತಿಲ್ಲ," ಎಂದರು. ಆ ದನಿ ಕೇಳಲಾಗಲಿಲ್ಲ.

"ಏಳಿ," ಎಂದಳು ಶಾಹೀನ್.

ಬಳೆ ತೆಗೆದು ನನ್ನ ಕೈಗಿಟ್ಟಳು. "ಕೀ ತೆಗೆದು ನನಗೆ ಕೊಡಿ. ನಾನು ಕೈ ಹಾಕಿರೋವಾಗ ಯಾರೂ ಏನೂ ತಿರುಗಿಸಬಾರದು." ಕೀಯನ್ನು ಜೇಬಿಗಿಟ್ಟುಕೊಂಡಳು. "ವಸಂತಾ, ಟಾರ್ಚ್ ಇಲ್ಲಿ ಹಿಡಿ. ಅಲ್ಲಾಡಿಸಬೇಡ. ರೀ, ಸಣ್ಣ ಇಕ್ಕಳ." ಗ್ಲೆನ್ ಏನೋ ಹೇಳಲು ಬಾಯಿ ತೆರೆದ. ಕತ್ತೂ ತಿರುಗಿಸದೆ, ಇಂಗ್ಲಿಷಿನಲ್ಲಿ, ಬಾಯಿ ಮುಚ್ಚಿಕೊಂಡಿರಿ ಎಂದಳು. ಹಲ್ಲಿನ ಡಾಕ್ಟರು ಹಾಗೆ ಹೇಳುವುದು ಬಹಳ ಅಪರೂಪ.

ಕತ್ತಲೆಯ, ಒದ್ದೆಯ, ಇಕ್ಕಟ್ಟಿನ ತೂತಿನಲ್ಲಿ ಬೆರಳಿನ ಸ್ಪರ್ಶದಿಂದಲೇ ಕೆಲಸ ಮಾಡುವುದು ಅವಳ ದಿನನಿತ್ಯದ ಕಸುಬಲ್ಲವೇ! "ಇಗೋ ಬೇರು ಸಿಕ್ತು... ಸ್ವಲ್ಪ ತಿರುಗು... ಬಾ ರಾಜಾ, ಬಾ," ಎಂದು ಪ್ರೊಪೆಲ್ಲರಿಗೇ ಸಮಾಧಾನ ಹೇಳುತ್ತ, ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ಎಳೆದಳು. ಕೇಸರಿ ಹೂವುಗಳು ಒಂದೊಂದಾಗಿ ಹೊರಬಂದು ನನ್ನ ಪಾದದ ಮೇಲೆ ಬಿದ್ದವು.

ಬಂಡೆ ಹತ್ತಿರವಾಗಿತ್ತು. ದೋಣಿ ತಳ್ಳುವ ಉದ್ದನೆಯ ಗಳು ಮೇಲ್ಛಾವಣಿಯ ಮೇಲಿತ್ತು, ಆದರೆ ಅದನ್ನು ಹಿಡಿಯಲು ಯಾರೂ ಖಾಲಿ ಇರಲಿಲ್ಲ. ಗ್ಲೆನ್ ವಾಕಿಟಾಕಿಯನ್ನು ನೋಡಿದ, ನಾಸಿರ್ ಭಾಯಿಯ ಮುಖ ನೋಡಿದ. ಆಮೇಲೆ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿ, ತಾನೇ ಗಳು ಎಳೆದುಕೊಂಡು ಬಂಡೆಗೆ ಒತ್ತಿ ನಿಂತ. ಪರೀಕ್ಷಕರೇ ಎದ್ದು ಬಂದು ವಿದ್ಯಾರ್ಥಿಯ ಪೆನ್ನಿಗೆ ಶಾಯಿ ತುಂಬಿಸಿದ್ದನ್ನು ನನ್ನ ಇಡೀ ಸರ್ವಿಸ್ಸಿನಲ್ಲಿ ನೋಡಿರಲಿಲ್ಲ.

"ಆಯ್ತು," ಎಂದಳು ಶಾಹೀನ್. ಮುಚ್ಚಳ ಸರಿಯಾಗಿ ಕೂರದಿದ್ದರೆ ನೀರು ಒಳಗೇ ನುಗ್ಗುತ್ತದೆಂದು ನಾಸಿರ್ ಭಾಯ್ ಅದನ್ನು ಬಿಗಿದು, ಮತ್ತೊಮ್ಮೆ ಬಿಗಿದು ನೋಡಿದರು. ಶಾಹೀನ್ ಜೇಬಿನಿಂದ ಕೀ ತೆಗೆದುಕೊಟ್ಟಳು. ಡುಗ್ ಡುಗ್ ಡುಗ್! ಗೇರಿಗೆ ಹಾಕಿದರು. ನಿಲ್ಲಲಿಲ್ಲ. ನಾನು ಕಟ್ಟೆಯ ಕಡೆಗೆ ನೋಡಿ, "ಇನ್ನು ವಾಪಸ್ ಹೋಗೋಣ," ಎಂದುಬಿಟ್ಟೆ.

"ಸುಮ್ನಿರು ವಸಂತಾ. ಗುರುತು ಮುಂದಿದೆ. ಮುಂದಕ್ಕೆ ಬಿಡ್ರಿ," ಎಂದಳು ಅವಳು.

ಹಸಿರು ಗುರುತನ್ನು ಸುತ್ತಿ ವಾಪಸು ಬಂದೆವು. ಕಟ್ಟೆಗೆ ಹಗ್ಗ ಕಟ್ಟಿದ ಮೇಲೆ ಗ್ಲೆನ್ ಇಳಿದು, ಬಟ್ಟೆ ಕೊಡವಿಕೊಂಡು, ದೋಣಿ ಸ್ವಂತ ಬಲದಿಂದಲೇ ಹೋಗಿ ಬಂದಿದೆ, ಜಾಗ ನಿಮ್ಮದೇ ಎಂದ. ಎರಡು ಹೆಜ್ಜೆ ಹೋಗಿ ತಿರುಗಿ, ಮುಂದಿನ ಸಲ ಹೂವು ಬೇಡ, ಆ ಪುರಿ ಮಾತ್ರ ಇರಲಿ ಎಂದ. ಅವನು ನಕ್ಕದ್ದು ಅದೊಂದೇ ಸಲ. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ನಾಸಿರ್ ಭಾಯ್ ಎಂಜಿನ್ ಆರಿಸಿ ಮೆಟ್ಟಿಲ ಮೇಲೆ ಕೂತರು. ಏಳಲೇ ಇಲ್ಲ. ಶಾಹೀನ್ ಒಳಗೆ ಬುತ್ತಿಯ ಡಬ್ಬಗಳನ್ನು ಬಿಚ್ಚುತ್ತಿದ್ದಳು. ಅವಳ ತೋಳು ಮೊಣಕೈವರೆಗೂ ಗ್ರೀಸಾಗಿತ್ತು.

"ಶಾಹೀನ್, ಸುಸ್ತಾಗಿದೆ," ಎಂದರು.

ಅವಳು ಗಾಬರಿಯಿಂದ ಬಗ್ಗಿ ನೋಡಿದಳು. "ಎದೆ ನೋವಾ?"

"ಅಲ್ಲ, ಅಲ್ಲ. ಕೆಲಸಕ್ಕೆ ಹೋಗಿ ಸಂಜೆ ಬಂದಾಗ ಆಗ್ತಿತ್ತಲ್ಲ, ಆ ಸುಸ್ತು. ಮರ್ತೇ ಹೋಗಿತ್ತು ನನಗೆ."

ಶಾಹೀನ್ ತಟ್ಟೆ ಹಾಕುತ್ತ, "ಹಾಗಾದ್ರೆ ಕೈ ತೊಳ್ಕೊಂಡು ಬನ್ನಿ, ಊಟ ಹಾಕ್ತೀನಿ," ಎಂದಳು.

ಅವರು ಎದ್ದು ಆ ಪುಟ್ಟ ಸಿಂಕಿನ ಮುಂದೆ ನಿಂತರು, ನಮಗೆ ಬೆನ್ನು ಹಾಕಿ, ಬಹಳ ಹೊತ್ತು ಕೈ ತೊಳೆದರು.